ಬಿ.ಎಸ್ಸಿ. ಮೊದಲ ವರ್ಷ, ದಿನಾ ಮಧುಗಿರಿ ಕಡೆಯಿಂದ ತುಮಕೂರಿಗೆ ಓಡಾಟ. ಈ ಮೂರು ವರ್ಷ ಸುಮ್ನೆ ಕಳೆದುಹೋಗಬಾರದು, ಏನು ಮಾಡಲಿ?

ಏಕಶಿಲಾ ಹುಡುಗ

ಎಲ್ಲರಿಗೂ ನಮಸ್ಕಾರ. ಈ ವರ್ಷ ತುಮಕೂರಲ್ಲಿ ಬಿ.ಎಸ್ಸಿ. ಸೇರಿದ್ದೇನೆ, ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್). ಊರು ಮಧುಗಿರಿ ಹತ್ತಿರ ಒಂದು ಹಳ್ಳಿ. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ, ಆಮೇಲೆ ಮಧುಗಿರಿಯಲ್ಲೇ ಪಿಯುಸಿ ಸೈನ್ಸ್. ಸಿಇಟಿಯಲ್ಲಿ ಇಂಜಿನಿಯರಿಂಗ್ ಸರ್ಕಾರಿ ಸೀಟು ಸಿಗುವಷ್ಟು ರ್‍ಯಾಂಕ್ ಬರಲಿಲ್ಲ, ಪ್ರೈವೇಟ್ ಸೀಟಿಗೆ ದುಡ್ಡು ಹೊಂದಿಸುವುದು ನಮ್ಮ ಮನೆಯಲ್ಲಿ ಆಗುವ ಮಾತಲ್ಲ. ಫಿಸಿಕ್ಸ್ ನನಗೆ ನಿಜಕ್ಕೂ ಇಷ್ಟ, ಹಾಗಾಗಿ ಬೇಜಾರಿನಿಂದ ಸೇರಿದ್ದಲ್ಲ.

ಆದರೆ ಭಯ ಇದೆ. ಬೆಳಿಗ್ಗೆ ಕತ್ತಲಿದ್ದಾಗಲೇ ಎದ್ದು ಊರಿಂದ ಮಧುಗಿರಿ, ಅಲ್ಲಿಂದ ಕೊರಟಗೆರೆ ಮೇಲೆ ತುಮಕೂರು. ಹೋಗಿ ಬರುವುದು ಸೇರಿ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಹೋಗುತ್ತದೆ. ಕೊನೇ ಪೀರಿಯಡ್ ಮುಗಿದ ತಕ್ಷಣ ಅಶೋಕ ರಸ್ತೆಯ ಬಸ್‌ಸ್ಟ್ಯಾಂಡಿಗೆ ಓಡುತ್ತೇನೆ. ಕ್ಲಾಸಿನಲ್ಲಿ ಇಂಗ್ಲಿಷ್ ಅರ್ಧ ಅರ್ಥ ಆಗುತ್ತದೆ, ಉಳಿದದ್ದನ್ನು ಬೋರ್ಡ್ ನೋಡಿ ಬರೆದುಕೊಳ್ಳುತ್ತೇನೆ. ಬೆಂಗಳೂರಲ್ಲಿ ಇಂಜಿನಿಯರಿಂಗ್ ಸೇರಿದ ಗೆಳೆಯರು ಕೋಡಿಂಗ್ ಕ್ಲಬ್ಬು, ಫೆಸ್ಟು ಅಂತ ಫೋಟೋ ಹಾಕುತ್ತಾರೆ. ನನಗೆ ಕ್ಲಾಸು, ಬಸ್ಸು, ಮನೆ, ಅಷ್ಟೇ. ಇದೇ ಥರ ಆರು ಸೆಮಿಸ್ಟರ್ ಹೋದರೆ ಕೈಯಲ್ಲಿ ಒಂದು ಡಿಗ್ರಿ ಸರ್ಟಿಫಿಕೇಟ್ ಬಿಟ್ಟು ಇನ್ನೇನೂ ಇರುವುದಿಲ್ಲ ಅನ್ನಿಸುತ್ತಿದೆ. ಇದೇ ಊರಲ್ಲಿ ಓದಿ ಮುಂದೆ ಹೋದವರು ಇದ್ದರೆ ದಯವಿಟ್ಟು ಹೇಳಿ, ಮೊದಲ ವರ್ಷದಲ್ಲೇ ಏನು ಶುರು ಮಾಡಬೇಕು?

ಕಲ್ಪತರು

ತಮ್ಮಾ, ನಾನು ಗುಬ್ಬಿಯವನು, ತುಮಕೂರಲ್ಲೇ ಬಿ.ಎಸ್ಸಿ. ಓದಿ ಆಮೇಲೆ ಎಂಸಿಎ ಮಾಡಿದೆ, ಈಗ ಬೆಂಗಳೂರಲ್ಲಿ ಕೆಲಸ, ಓಡಾಟ ರೈಲಿನಲ್ಲಿ. ನೀನು ಬರೆದದ್ದರಲ್ಲಿ ನನಗೆ ಎದ್ದು ಕಂಡಿದ್ದು ಇಂಗ್ಲಿಷೂ ಅಲ್ಲ, ಇಂಜಿನಿಯರಿಂಗೂ ಅಲ್ಲ. ಕೊನೇ ಪೀರಿಯಡ್ ಮುಗಿದ ತಕ್ಷಣ ಬಸ್‌ಸ್ಟ್ಯಾಂಡಿಗೆ ಓಡುತ್ತೇನೆ ಅಂದೆಯಲ್ಲ, ಅದು.

ನಮ್ಮ ಕಡೆ ಕಾಲೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರು ಹಳ್ಳಿಗಳಿಂದ ಓಡಾಡುವವರು, ಮೂರೂವರೆಗೆ ಕಾಲೇಜು ಖಾಲಿ. ಆದರೆ ನಿಜವಾಗಿ ಕಲಿಯುವುದಕ್ಕೆ ಅನುಕೂಲ ಆಗುವುದು ಆ ಖಾಲಿಯಾದ ಮೇಲೇನೇ. ಲೈಬ್ರರಿಯಲ್ಲಿ ಜಾಗ ಇರುತ್ತದೆ, ಸ್ಟಾಫ್‌ರೂಮಿನಲ್ಲಿ ಸರ್ ಒಬ್ಬರೇ ಕೂತಿರುತ್ತಾರೆ, ಒಂದು ಡೌಟ್ ಹಿಡಿದು ಹೋದರೆ ಅರ್ಧ ಗಂಟೆ ಹೇಳಿಕೊಡುತ್ತಾರೆ. ಕ್ಲಾಸಿನಲ್ಲಿ ಅರವತ್ತು ಜನರ ಮಧ್ಯೆ ನಿನ್ನ ಹೆಸರೂ ಅವರಿಗೆ ಗೊತ್ತಿರುವುದಿಲ್ಲ. ನಮ್ಮ ಬ್ಯಾಚ್‌ನಲ್ಲಿ ಎಂ.ಎಸ್ಸಿ.ಗೆ ಒಳ್ಳೊಳ್ಳೆ ಕಡೆ ಸೇರಿದವರನ್ನು ನೆನೆಸಿಕೊಂಡರೆ ಎಲ್ಲರೂ ಟಾಪರ್‌ಗಳೇನಲ್ಲ, ಆದರೆ ಎಲ್ಲರೂ ನಾಲ್ಕು ಗಂಟೆ ಮೇಲೂ ಕಾಲೇಜಲ್ಲಿ ಕಾಣಿಸುತ್ತಿದ್ದವರು. ಯಾವುದಾದರೂ ಕ್ಯಾಂಪ್ ಬಂದರೆ, ಫೆಲೋಶಿಪ್ ಅರ್ಜಿ ಕರೆದರೆ ಸರ್‌ಗೆ ಮೊದಲು ನೆನಪಾಗುತ್ತಿದ್ದದ್ದು ಅವರೇ.

ಇನ್ನೊಂದು ವಿಷಯ, ಇದು ತುಮಕೂರಿನವರಿಗೆ ಅಷ್ಟಾಗಿ ಗೊತ್ತೇ ಇಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದವರು ಡಿಗ್ರಿ ಓದುವ ಮಕ್ಕಳಿಗೆ ಅಂತಲೇ ರೀಪ್ ಅನ್ನುವ ಫಿಸಿಕ್ಸ್ ಕಾರ್ಯಕ್ರಮ ನಡೆಸುತ್ತಾರೆ, ಕ್ಲಾಸ್ ಇರುವುದು ವಾರದ ಕೊನೆಯಲ್ಲಿ. ಪಾಠ ಮಾಡುವವರು ಬೆಂಗಳೂರಿನ ಸಂಶೋಧನಾ ಸಂಸ್ಥೆಗಳ ಜನ. ತುಮಕೂರಿಂದ ಬೆಂಗಳೂರು 70 ಕಿಲೋಮೀಟರ್, ರೈಲಿನಲ್ಲಿ ಹೋದರೆ ಬಸ್ಸಿಗಿಂತ ಖರ್ಚು ಕಮ್ಮಿ. ಮೆಜೆಸ್ಟಿಕ್‌ನಲ್ಲಿ ಇಳಿದರೆ ತಾರಾಲಯ ದೂರ ಇಲ್ಲ. ಫಿಸಿಕ್ಸ್ ಇಷ್ಟ ಅಂತ ಬರೆದಿದ್ದೀಯ, ಹಾಗಾಗಿ ಹೇಳುತ್ತಿದ್ದೇನೆ. ಮುಂದಿನ ಸಲ ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಅವರ ವೆಬ್‌ಸೈಟ್ ನೋಡುತ್ತಿರು.

ಇಂಜಿನಿಯರಿಂಗ್ ಗೆಳೆಯರ ಫೋಟೋ ನೋಡಿ ಕೊರಗಬೇಡ. ಕಂಪ್ಯೂಟರ್ ಕಡೆ ಹೋಗುವ ಮನಸ್ಸಾದರೆ ಮ್ಯಾಥ್ಸ್ ಇರುವ ಬಿ.ಎಸ್ಸಿ.ಯವರಿಗೆ ಪಿಜಿಸಿಇಟಿ ಅನ್ನುವ ರಾಜ್ಯದ ಪ್ರವೇಶ ಪರೀಕ್ಷೆ ಬರೆದು ಎಂಸಿಎ ಸೇರುವ ದಾರಿ ಇದ್ದೇ ಇದೆ.

ಶಿರಾ ಸೀಮೆಯವಳು

ನಾನು ಫೈನಲ್ ಇಯರ್ ಬಿ.ಕಾಂ., ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ) ಹಾಸ್ಟೆಲಿನಲ್ಲಿ ಇದ್ದೇನೆ. ಮೇಲಿನ ಅಣ್ಣ ಹೇಳಿದ್ದು ಸರಿ, ಆದರೆ ಅದಕ್ಕೂ ಮುಂಚೆ ಕಾಗದ ಪತ್ರದ ಕೆಲಸ ಮುಗಿಸಿಕೋ. ಇದು ಓದಿನ ವಿಷಯ ಅಲ್ಲ ಅನ್ನಿಸಬಹುದು. ಸ್ಕಾಲರ್‌ಶಿಪ್ ಬರಲಿಲ್ಲ ಅಂತ ಮಧ್ಯದಲ್ಲೇ ಕಾಲೇಜು ಬಿಟ್ಟು ಅಂಗಡಿ ಕೆಲಸಕ್ಕೆ ಹೋದವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಎಸ್‌ಎಸ್‌ಪಿ ಅನ್ನುವ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಮೊದಲು ಆಧಾರ್‌ನಲ್ಲಿರುವ ಹೆಸರು, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಹೆಸರು ಎರಡೂ ಒಂದೇ ಇದೆಯಾ ನೋಡು. ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ ಇದ್ದರೂ ತೊಂದರೆ ಕೊಡುತ್ತದೆ. ಬ್ಯಾಂಕ್ ಅಕೌಂಟಿಗೆ ಆಧಾರ್ ಲಿಂಕ್ ಆಗಿದೆ ಅಂದುಕೊಂಡು ಸುಮ್ಮನಿರಬೇಡ. ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ನಂಬರಿಗೆ ಬರುವ ಸರ್ಕಾರದ ದುಡ್ಡು ಯಾವ ಅಕೌಂಟಿಗೆ ಹೋಗಬೇಕು ಅನ್ನುವ ನೋಂದಣಿ) ಆಗಿದೆಯಾ ಅಂತ ಬ್ಯಾಂಕಿಗೇ ಹೋಗಿ ಕೇಳು, ಸ್ಕಾಲರ್‌ಶಿಪ್ ದುಡ್ಡು ಬರುವುದು ಆ ದಾರಿಯಲ್ಲೇ. ಜಾತಿ ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್, ಫೀಸ್ ರಸೀದಿ ಒಂದು ಫೈಲಿನಲ್ಲಿ ಇಟ್ಟುಕೋ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದೇ ಇದ್ದರೆ ವಿದ್ಯಾಸಿರಿ ಅಂತ ಊಟ ವಸತಿಗೆ ಸಹಾಯಧನ ಇದೆ, ನಿನಗೆ ಅನ್ವಯ ಆಗುತ್ತದಾ ಅಂತ ಬಿಸಿಎಂ ಆಫೀಸಿನಲ್ಲಿ ವಿಚಾರಿಸು. ಬಸ್ ಪಾಸ್ ಸೇವಾ ಸಿಂಧುವಿನಲ್ಲಿ ಹಾಕಬೇಕು ಅಂತ ಗೊತ್ತಿರುತ್ತದೆ. (ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ನನ್ನ ಕ್ಲಾಸಿನ ಪಾವಗಡದ ಹುಡುಗಿಯ ಮನೆಯಲ್ಲಿ ಅವಳನ್ನು ತುಮಕೂರಿಗೆ ಕಳಿಸಲು ಒಪ್ಪಿದ್ದೇ ಇದರಿಂದ.)

ಆಮೇಲೆ ಒಂದು ಪ್ರಶ್ನೆ. ಹಾಸ್ಟೆಲಿಗೆ ಯಾಕೆ ಅರ್ಜಿ ಹಾಕಲಿಲ್ಲ? ದಿನಾ ಮೂರು ಗಂಟೆ ಉಳಿದರೆ ವಾರಕ್ಕೆ ಎಷ್ಟಾಯಿತು ನೋಡು. ಹಾಸ್ಟೆಲ್ ಊಟದ ಬಗ್ಗೆ ಹೊರಗಿನವರು ಹೇಳುವುದನ್ನೆಲ್ಲ ನಂಬಬೇಡ, ನಮ್ಮಲ್ಲಿ ಮುದ್ದೆ ಸಾರು ಚೆನ್ನಾಗೇ ಇರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಅಂದರೆ ರಾತ್ರಿ ಜೊತೆಯಲ್ಲಿ ಕೂತು ಓದುವವರು ಸಿಗುತ್ತಾರೆ. ನನಗೆ ಅಕೌಂಟ್ಸ್ ಹೇಳಿಕೊಟ್ಟವಳು ನನ್ನ ರೂಮ್‌ಮೇಟ್, ಅವಳಿಗೆ ಇಂಗ್ಲಿಷ್ ಹೇಳಿಕೊಟ್ಟವಳು ಪಕ್ಕದ ರೂಮಿನವಳು.

572101

ಎಲ್ಲರೂ ಎಂ.ಎಸ್ಸಿ., ಸಂಶೋಧನೆ ಅಂತ ಹೇಳುತ್ತಿದ್ದೀರಿ, ಮನೆ ಪರಿಸ್ಥಿತಿ ಯಾರು ನೋಡುತ್ತಾರೆ? ಡಿಗ್ರಿ ಮುಗಿಯುವ ಹೊತ್ತಿಗೆ ಒಂದು ಸರ್ಕಾರಿ ಕೆಲಸ ಕೈಯಲ್ಲಿರಬೇಕು. ತಮ್ಮಾ, ಇವತ್ತಿಂದಲೇ ಕಾಂಪಿಟೇಟಿವ್ ಎಕ್ಸಾಮ್‌ಗೆ ಓದು. ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕ) ಪಿಯುಸಿ ಸಾಕು, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಡಿಗ್ರಿ ಬೇಕು. ಕೆಎಎಸ್‌ಗೆ 21 ವರ್ಷ ತುಂಬಿರಬೇಕು, ಅಂದರೆ ನಿನಗೆ ಮೂರು ವರ್ಷ ಟೈಮ್ ಇದೆ. ಬಸ್ಸಿನಲ್ಲಿ ಹೋಗುವ ಮೂರು ಗಂಟೆ ಪೇಪರ್ ಓದು, ಆರರಿಂದ ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನದ ಪುಸ್ತಕ ಮುಗಿಸು. ಬೆಂಗಳೂರಿನ ವಿಜಯನಗರದಲ್ಲಿ ಪಿಜಿ ರೂಮಿನಲ್ಲಿ ಇದ್ದುಕೊಂಡು ಕೋಚಿಂಗ್‌ಗೆ ವರ್ಷಗಟ್ಟಲೆ ದುಡ್ಡು ಸುರಿಯುವವರನ್ನು ನೋಡಿದರೆ ಗೊತ್ತಾಗುತ್ತದೆ, ಮುಂಚೆ ಶುರು ಮಾಡಿದವನಿಗೆ ಎಷ್ಟು ಉಳಿತಾಯ ಅಂತ. ಡಿಗ್ರಿಯಲ್ಲಿ ಪಾಸಾದರೆ ಸಾಕು, ಅಲ್ವಾ?

ಲ್ಯಾಬ್ ಮೇಡಂ

ನಾನು ತುಮಕೂರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಮೇಲಿನವರು ಹೇಳಿದ ಪೇಪರ್ ಓದುವ ಅಭ್ಯಾಸ ಖಂಡಿತ ಒಳ್ಳೆಯದು. ಆದರೆ "ಪಾಸಾದರೆ ಸಾಕು" ಅನ್ನುವ ಮಾತನ್ನು ಒಪ್ಪಲಾರೆ. ಪರೀಕ್ಷೆಯ ನೋಟಿಫಿಕೇಶನ್ ಯಾವಾಗ ಬರುತ್ತದೆ, ಬಂದದ್ದು ಯಾವಾಗ ಮುಗಿಯುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಕಾಯುವ ಆ ವರ್ಷಗಳಲ್ಲಿ ಕೈ ಹಿಡಿಯುವುದು ವಿಷಯದ ಮೇಲಿನ ಹಿಡಿತವೇ. ಬಿ.ಇಡಿ. ಮಾಡಿ ಮೇಷ್ಟ್ರಾದರೂ ಅದು ಬೇಕು, ಟ್ಯೂಷನ್ ಹೇಳಿ ಮನೆ ನಡೆಸಿದರೂ ಬೇಕು.

ನಿಮಗೆ ಫಿಸಿಕ್ಸ್ ಇಷ್ಟ ಅಂದಿದ್ದೀರಿ. ಹಾಗಾದರೆ ಲ್ಯಾಬಿನಿಂದ ಶುರು ಮಾಡಿ, ಅಲ್ಲಿ ಇಂಗ್ಲಿಷಿನ ಹೆದರಿಕೆ ಕಮ್ಮಿ. ಮೊದಲ ವರ್ಷದಲ್ಲಿ ಬಾರ್ ಪೆಂಡುಲಮ್ (ತೂಗಾಡುವ ಲೋಹದ ಪಟ್ಟಿ) ಪ್ರಯೋಗ ಬರುತ್ತದೆ, ಗುರುತ್ವದ ವೇಗೋತ್ಕರ್ಷ ಕಂಡುಹಿಡಿಯಬೇಕು. ತುಂಬಾ ಹುಡುಗರು ಸೀನಿಯರ್‌ಗಳ ರೆಕಾರ್ಡ್ ತಂದು ರೀಡಿಂಗ್ ಕಾಪಿ ಮಾಡುತ್ತಾರೆ, ಎಲ್ಲರದ್ದೂ 9.8 ಬರುತ್ತದೆ, ನಾವೂ ಸಹಿ ಹಾಕುತ್ತೇವೆ. ನೀವು ಹಾಗೆ ಮಾಡಬೇಡಿ. ನಿಮ್ಮ ರೀಡಿಂಗ್ ನೀವೇ ತೆಗೆಯಿರಿ. ನಿಮಗೆ 10.8, 10.9 ಅಂತ ಏನಾದರೂ ಬಂದರೆ ಅದನ್ನು ತಿದ್ದಿ 9.8 ಮಾಡಬೇಡಿ, ಯಾಕೆ ಬಂತು ಅಂತ ಹುಡುಕಿ. ಸ್ಟಾಪ್‌ವಾಚ್ ಒತ್ತುವ ಕ್ಷಣಕ್ಕೇ "ಒಂದು" ಅಂತ ಎಣಿಸಲು ಶುರು ಮಾಡಿದ್ದರೆ, ನೀವು 20 ಆಂದೋಲನ ಅಂದುಕೊಂಡದ್ದು ನಿಜವಾಗಿ 19. ಸಮಯ ಕಮ್ಮಿ ಬಿದ್ದು ಉತ್ತರ ಜಾಸ್ತಿ ಬರುತ್ತದೆ. ಲೆಕ್ಕ ಹಾಕಿ ನೋಡಿ, ಸರಿಯಾಗಿ ಆ ಸಂಖ್ಯೆಯೇ ಬರುತ್ತದೆ. ಒತ್ತುವಾಗ "ಸೊನ್ನೆ" ಅಂತ ಎಣಿಸಬೇಕು. ಇಷ್ಟನ್ನು ತಾನೇ ಹುಡುಕಿಕೊಂಡ ಹುಡುಗನನ್ನು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಯಾರೂ ಹೆದರಿಸಲಾರರು. ಇಂಗ್ಲಿಷ್ ಮುರುಕಲಾಗಿದ್ದರೂ ಅವನು ಉತ್ತರ ಹೇಳುತ್ತಾನೆ, ಯಾಕೆಂದರೆ ಅದು ಅವನದೇ ಉತ್ತರ.

ಇಂಗ್ಲಿಷ್ ಬಗ್ಗೆ ಹೇಳುವುದಾದರೆ, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಇವತ್ತು ಕ್ಲಾಸಿನಲ್ಲಿ ಆದದ್ದನ್ನು ಮೊದಲು ಕನ್ನಡದಲ್ಲಿ, ನಿಮ್ಮದೇ ಮಾತಿನಲ್ಲಿ ನಾಲ್ಕು ಸಾಲು ಬರೆಯಿರಿ. ಬರೆಯಲಾಗದಿದ್ದರೆ ತೊಂದರೆ ಇಂಗ್ಲಿಷಿನದ್ದಲ್ಲ, ವಿಷಯವೇ ಅರ್ಥ ಆಗಿಲ್ಲ ಅಂತ, ನಾಳೆ ಹೋಗಿ ಕೇಳಿ. ಬರೆಯಲಾದರೆ ಅದನ್ನೇ ಪುಸ್ತಕ ನೋಡಿಕೊಂಡು ಇಂಗ್ಲಿಷಿನಲ್ಲಿ ಬರೆಯಿರಿ. ಕ್ಲಾಸಿನಲ್ಲಿ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿ. ಇಲ್ಲಿ ಪಾಠ ಮಾಡುವ ನಮ್ಮಲ್ಲಿ ಬಹಳ ಜನ ನಿಮ್ಮಂಥ ಹಳ್ಳಿಗಳಿಂದಲೇ ಬಂದವರು, ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಬೈಯುವವರು ಯಾರೂ ಇಲ್ಲ.

ಒಂದು ಸೆಮಿನಾರ್ ಕೊಡಿ, ಮೊದಲ ವರ್ಷದಲ್ಲೇ, ಹತ್ತೇ ನಿಮಿಷ. ವಿಷಯ ನಾನೇ ಕೊಡುತ್ತೇನೆ. ನಿಮ್ಮ ಮಧುಗಿರಿಯಿಂದ ಆಚೆ ಪಾವಗಡದ ತಿರುಮಣಿ ಸುತ್ತ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ, ರೈತರಿಂದ ಜಮೀನು ಗುತ್ತಿಗೆಗೆ ಪಡೆದು ಕಟ್ಟಿದ್ದು. ಬಿಸಿಲು ಜಾಸ್ತಿ ಆದಷ್ಟೂ ಕರೆಂಟ್ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೆಳಕಿನ ಮಟ್ಟಿಗೆ ಅದು ನಿಜ. ಆದರೆ ಪ್ಯಾನೆಲ್ ಕಾದಷ್ಟೂ ಅದರ ವೋಲ್ಟೇಜ್ ಇಳಿಯುತ್ತದೆ. ಯಾಕೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಸೆಮಿಕಂಡಕ್ಟರ್ ಪಾಠ ಪೂರ್ತಿ ಬರುತ್ತದೆ. ನಿಮ್ಮ ಪಕ್ಕದ ತಾಲ್ಲೂಕಿನ ವಿಷಯವಾದ್ದರಿಂದ ನಿಮಗಿಂತ ಚೆನ್ನಾಗಿ ಅದನ್ನು ಬೆಂಗಳೂರಿನ ಹುಡುಗ ಹೇಳಲಾರ.

ಮುಂದಿನದ್ದು ಎರಡನೇ ವರ್ಷಕ್ಕೆ ನೆನಪಿಟ್ಟುಕೊಳ್ಳಿ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಮತ್ತು ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತವೆ, ದುಡ್ಡನ್ನೂ ಕೊಡುತ್ತವೆ. ಅದಕ್ಕೆ ನಿಮ್ಮನ್ನು ಬಲ್ಲ ಉಪನ್ಯಾಸಕರ ಶಿಫಾರಸು ಪತ್ರ ಬೇಕು. "ಬಲ್ಲ" ಅನ್ನುವುದೇ ಮುಖ್ಯ. ಮುಖ ಪರಿಚಯವೂ ಇಲ್ಲದ ವಿದ್ಯಾರ್ಥಿ ಕೊನೇ ದಿನ ಬಂದು ಪತ್ರ ಕೇಳಿದರೆ ನಾನು ಏನು ಬರೆಯಲಿ? ಐಐಟಿಗಳ ಎಂ.ಎಸ್ಸಿ.ಗೆ ಜಾಮ್ ಪರೀಕ್ಷೆ ಇದೆ, ಅದರಲ್ಲಿ ಕೇಳುವುದು ಬಿ.ಎಸ್ಸಿ. ಮಟ್ಟದ ವಿಷಯವೇ. ಆದರೆ ಸೆಮಿಸ್ಟರ್ ಮುಗಿದ ತಕ್ಷಣ ಪುಸ್ತಕ ಮಾರಿಬಿಡುವವರಿಗೆ ಅದು ಕಷ್ಟ. ನೋಟ್ಸ್ ಮೂರು ವರ್ಷವೂ ಇಟ್ಟುಕೊಳ್ಳಿ.

ಏಕಶಿಲಾ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ, ನೀವು ಬರೆದದ್ದನ್ನು ಎರಡು ಸಲ ಓದಿದೆ, ಸೋಲಾರ್ ವಿಷಯದಲ್ಲಿ ಸೆಮಿನಾರ್ ಕೊಡಲು ನಮ್ಮ ಸರ್‌ನ ಕೇಳುತ್ತೇನೆ. ಅಕ್ಕಾ, ಹಾಸ್ಟೆಲ್ ಆಗುವುದಿಲ್ಲ. ಮನೆಯಲ್ಲಿ ಮೂರು ಹಸು ಇವೆ, ಸಂಜೆ ಹಾಲು ಕರೆದು ಡೈರಿಗೆ ಹಾಕುವುದು ನನ್ನ ಕೆಲಸ. ಅಪ್ಪನಿಗೆ ಸೊಂಟ ನೋವು, ತಂಗಿ ಎಂಟನೇ ಕ್ಲಾಸು. ಡೈರಿ ಹಾಲಿನ ದುಡ್ಡಿನಲ್ಲೇ ಮನೆ ನಡೆಯುತ್ತಿರುವುದು. ಅದಕ್ಕೇ ಮೂರೂವರೆ ಬಸ್ಸಿಗೆ ಓಡುವುದು, ಕಲ್ಪತರು ಅಣ್ಣ. ಉಳಿಯಬೇಕು ಅಂತ ನನಗೂ ಆಸೆ ಇದೆ. ಇಂಥ ಕಡೆ ಏನು ಮಾಡುವುದು?

ಕಲ್ಪತರು

ಗೊತ್ತಾಯಿತು ತಮ್ಮಾ. ಹಾಗಿದ್ದರೆ ದಿನಾ ಉಳಿಯುವ ಯೋಚನೆ ಬಿಡು, ವಾರದಲ್ಲಿ ಎರಡೇ ದಿನ ಸಾಕು. ಲ್ಯಾಬ್ ಇರುವ ದಿನವೇ ಆರಿಸಿಕೋ, ಹೇಗೂ ಅವತ್ತು ಲೇಟಾಗುತ್ತದೆ. ಆ ಎರಡು ಸಂಜೆಗೆ ಹಾಲು ಕರೆಯಲು ಪಕ್ಕದ ಮನೆಯವರೋ ದೊಡ್ಡಪ್ಪನ ಮಗನೋ ಯಾರಾದರೂ ಸಿಗುತ್ತಾರಾ ನೋಡು, ಬದಲಿಗೆ ಭಾನುವಾರ ಅವರ ಕೆಲಸಕ್ಕೆ ನೀನು ಹೋಗು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇನ್ನೂ ಸತ್ತಿಲ್ಲ.

ಅಪ್ಪನಿಗೆ "ಕಾಲೇಜಲ್ಲಿ ಕೆಲಸ ಇದೆ" ಅಂತ ಮಾತ್ರ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ, ಹುಡುಗ ಸಿಟಿ ಸುತ್ತುತ್ತಾನೆ ಅಂದುಕೊಳ್ಳುತ್ತಾರೆ. ಲ್ಯಾಬ್ ರೆಕಾರ್ಡ್ ಮನೆಗೆ ತೆಗೆದುಕೊಂಡು ಹೋಗಿ ಪುಟ ತೆರೆದು ತೋರಿಸು, ಇದನ್ನು ಮಾಡಲು ಉಳಿಯುತ್ತೇನೆ ಅಂತ ಬಿಡಿಸಿ ಹೇಳು. ರೀಪ್ ಸದ್ಯಕ್ಕೆ ಬೇಡ, ತಂಗಿ ಸ್ವಲ್ಪ ದೊಡ್ಡವಳಾಗಲಿ.

ಶಿರಾ ಸೀಮೆಯವಳು

ಅಯ್ಯೋ, ಮೂರು ಹಸು ನೋಡಿಕೊಂಡು ಪಿಸಿಎಂ ಓದುತ್ತಿದ್ದೀಯಾ! ಹಾಸ್ಟೆಲ್ ಮಾತು ವಾಪಸ್ ತೆಗೆದುಕೊಂಡೆ. ಬಸ್ಸಿನ ಟೈಮು ಹೇಗೂ ನಿನ್ನದೇ. ನೂಕುನುಗ್ಗಲಲ್ಲಿ ನಿಂತು ಪುಸ್ತಕ ಓದಲಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಪಾಠ ಕೇಳಬಹುದು. ಎನ್‌ಪಿಟಿಎಲ್ ಅನ್ನುವ ಆನ್‌ಲೈನ್ ಪಾಠದ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಉಚಿತವಾಗಿವೆ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಫೀಸು. ರಾತ್ರಿ ಡೌನ್‌ಲೋಡ್ ಮಾಡಿಟ್ಟುಕೋ, ಕೊರಟಗೆರೆ ದಾಟುವಷ್ಟರಲ್ಲಿ ಒಂದು ಮುಗಿಯುತ್ತದೆ. ಇಂಗ್ಲಿಷ್ ಕಿವಿಗೂ ಅಭ್ಯಾಸ ಆಗುತ್ತದೆ. ಸೀಟು ಸಿಕ್ಕ ದಿನ ನಿದ್ದೆ ಮಾಡು, ಅದೂ ಬೇಕು.

572101

ತಮ್ಮಾ, ಮನೆ ವಿಷಯ ಓದಿ ಹೇಳುತ್ತಿದ್ದೇನೆ, ನಿನ್ನಂಥವರಿಗೇ ನಾನು ಬೇಗ ಕೆಲಸ ಅಂದದ್ದು. ಮೇಡಂ ಮಾತಿಗೆ ಎದುರಾಡುತ್ತಿಲ್ಲ, ಓದು ಚೆನ್ನಾಗಿಯೇ ಓದು. ಆದರೆ ಎನ್‌ಎಸ್‌ಎಸ್, ಎನ್‌ಸಿಸಿ ಎರಡರಲ್ಲಿ ಒಂದು ಇರಲಿ. ಎನ್‌ಸಿಸಿಗೆ ಮೊದಲ ವರ್ಷದಲ್ಲೇ ಆಯ್ಕೆ ನಡೆಯುತ್ತದೆ, ಎತ್ತರ, ಓಟ ನೋಡುತ್ತಾರೆ. ಸಿ ಸರ್ಟಿಫಿಕೇಟ್ ಬಂದರೆ ಡಿಗ್ರಿ ಆದ ಮೇಲೆ ಸೈನ್ಯದ ಆಫೀಸರ್ ಹುದ್ದೆಗೆ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಇದೆ, ಬರವಣಿಗೆಯ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿ ಸಂದರ್ಶನಕ್ಕೆ ಕರೆಯುತ್ತಾರೆ. ಎನ್‌ಎಸ್‌ಎಸ್ ಆದರೆ ವರ್ಷಕ್ಕೆ 120 ಗಂಟೆ, ಜೊತೆಗೆ ಏಳು ದಿನದ ಕ್ಯಾಂಪ್. ಹಸು ಇರುವ ಮನೆಯವನಿಗೆ ಏಳು ದಿನ ಕಷ್ಟ, ಆದರೆ ಕ್ಯಾಂಪ್ ಎಷ್ಟೋ ಸಲ ನಿಮ್ಮ ಕಡೆ ಹಳ್ಳಿಯಲ್ಲೇ ಇರುತ್ತದೆ, ಕೇಳಿ ನೋಡು.

ಏಕಶಿಲಾ ಹುಡುಗ

ಲ್ಯಾಬ್ ಮಂಗಳವಾರ, ಗುರುವಾರ. ಚಿಕ್ಕಪ್ಪನ ಮಗ ಆ ಎರಡು ಸಂಜೆ ಹಾಲು ಹಾಕುತ್ತೇನೆ ಅಂದಿದ್ದಾನೆ, ಅವನ ರಾಗಿ ಹೊಲಕ್ಕೆ ಭಾನುವಾರ ನಾನು ಹೋಗಬೇಕು. ಅಪ್ಪ ರೆಕಾರ್ಡ್ ನೋಡಿ "ಈ ಚಿತ್ರ ನೀನೇ ಬರೆದದ್ದಾ" ಅಂತ ಕೇಳಿದರು, ಆಮೇಲೆ ಬೇಡ ಅನ್ನಲಿಲ್ಲ. ಎನ್‌ಸಿಸಿ ಆಯ್ಕೆ ನಮ್ಮಲ್ಲಿ ಮುಗಿದಿದೆಯಂತೆ, ಎನ್‌ಎಸ್‌ಎಸ್‌ಗೆ ಹೆಸರು ಕೊಟ್ಟೆ. ಅಕ್ಕಾ, ಬ್ಯಾಂಕಿಗೆ ಹೋಗಿದ್ದೆ, ನೀವು ಹೇಳಿದ ಹಾಗೇ ಆಗಿತ್ತು, ಆಧಾರ್ ಲಿಂಕ್ ಇದೆ ಆದರೆ ಎನ್‌ಪಿಸಿಐ ಮ್ಯಾಪಿಂಗ್ ಇರಲಿಲ್ಲ. ಫಾರಂ ಕೊಟ್ಟು ಬಂದಿದ್ದೇನೆ. ಇನ್ನು ಇ-ದೃಢೀಕರಣ ಅಂತ ಕೇಳುತ್ತಿದೆ, ಅದು ಎಲ್ಲಿ ಮಾಡಿಸುವುದು?

ಶಿರಾ ಸೀಮೆಯವಳು

ಅದಕ್ಕೆ ಕಾಲೇಜಿನಲ್ಲೇ ಒಬ್ಬರನ್ನು ನೇಮಿಸಿರುತ್ತಾರೆ, ಆಫೀಸಿನಲ್ಲಿ ಇ-ಅಟೆಸ್ಟೇಶನ್ ಯಾರು ನೋಡುತ್ತಾರೆ ಅಂತ ಕೇಳು. ಮಾರ್ಕ್ಸ್ ಕಾರ್ಡ್, ಫೀಸ್ ರಸೀದಿ, ಕಾಲೇಜಿನ ಸ್ಟಡಿ ಸರ್ಟಿಫಿಕೇಟ್, ಎಲ್ಲದರ ಒರಿಜಿನಲ್ ತೆಗೆದುಕೊಂಡು ಹೋಗು. ಅವರು ಪರಿಶೀಲಿಸಿ ಅಪ್‌ಲೋಡ್ ಮಾಡಿದ ಮೇಲೆ ಪ್ರತಿಯೊಂದಕ್ಕೂ ಒಂದು ನಂಬರ್ ಬರುತ್ತದೆ, ಅದನ್ನೇ ಎಸ್‌ಎಸ್‌ಪಿಯಲ್ಲಿ ಹಾಕಬೇಕು. ಕೊನೇ ದಿನಾಂಕ ಹತ್ತಿರ ಬಂದಾಗ ಆಫೀಸಿನ ಮುಂದೆ ಕ್ಯೂ ಗೇಟಿನವರೆಗೆ ಇರುತ್ತದೆ, ಸರ್ವರ್ ಕೂಡ ನಿಂತುಹೋಗುತ್ತದೆ. ಈ ಮಂಗಳವಾರ ಹೇಗೂ ಉಳಿಯುತ್ತೀಯಲ್ಲ, ಲ್ಯಾಬಿಗೆ ಹೋಗುವ ಮುಂಚೆಯೇ ಮುಗಿಸಿಬಿಡು, ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡ, ಆಗ ಕೌಂಟರಿನಲ್ಲಿ ಕೆಲಸ ಮಾಡುವವರು ಯಾರೂ ಇರುವುದಿಲ್ಲ.